ಹಾಳೆ ನೂರ ಎಂಬತ್ತೇಳು

ಹಾಳೆಯ ಮೇಲೆ ಐದು ಎಂದು ಬರೆದಿತ್ತು. ಅವನು ಅದನ್ನು ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆದುಕೊಂಡ. ಎರಡು. ಅದರಾಚೆಯದು ಮೂರು. ಕಂಪ್ಯೂಟರಿನ ಚೌಕಗಳಲ್ಲಿ ಎರಡು, ಮೂರು ಎಂದು ಒತ್ತಿದ ಮೇಲೆ ಬೆರಳು ತಾನಾಗಿಯೇ ನಿಂತಿತು. ಪಕ್ಕಕ್ಕಿಟ್ಟಿದ್ದನ್ನು ಮತ್ತೆ ನೋಡಿದ. ನೂರ ಎಂಬತ್ತೇಳನೆಯ ಹಾಳೆ. ಐದೇ. ವಿಭಾಗದ ಕಂಪ್ಯೂಟರ್ ಕೋಣೆಯಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ ಅವನಲ್ಲದೆ ಇಬ್ಬರೇ ಇದ್ದರು. ಇಬ್ಬರೂ ಅವನಿಗಿಂತ ಹದಿನೈದು ವರ್ಷ ಚಿಕ್ಕವರು, ಅವನನ್ನು ಸರ್ ಎನ್ನಬೇಕೋ ಹೆಸರು ಹಿಡಿಯಬೇಕೋ ತಿಳಿಯದೆ, ಏನೂ ಕರೆಯದೆಯೇ ಎರಡು ವರ್ಷ ನಿಭಾಯಿಸಿದವರು. ಕಾರ್ಖಾನೆಯಿಂದ ಹೊರಬಿದ್ದು, ಮೂವತ್ತರ ಮೇಲೆ ಕಾಲೇಜು ಸೇರಿ, ಈಗ ಮೂವತ್ತೆಂಟಕ್ಕೆ ರಾಜಕೀಯಶಾಸ್ತ್ರದಲ್ಲಿ ಸಂಶೋಧನೆ ಎಂದು ಕೂತವನನ್ನು ಏನೆಂದು ಕರೆಯುವುದು? ಕಾರ್ಖಾನೆಯ ಹಳಬರಿಗೆ ಆ ಕಷ್ಟ ಬರಲಿಲ್ಲ. ಪ್ರಶ್ನೆಗಳ ಹಾಳೆ ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿಳಿದವನಿಗೆ ವಾರದೊಳಗೆ 'ಪ್ರಶ್ನೆಪ್ಪ' ಎಂದು ಹೆಸರಿಟ್ಟಿದ್ದರು. "ಬಂದ ನೋಡಿ ಪ್ರಶ್ನೆಪ್ಪ, ಉತ್ತರ ಇದ್ರೆ ಕೊಡಿ, ಇಲ್ಲಾಂದ್ರೆ ಚಹಾನಾದ್ರೂ ಕೊಡಿ!"

ಐದು ಬರಬಾರದಾಗಿತ್ತು. ಯಾರೂ ಐದು ಬರೆಯಲಾರರು ಎಂದೇ ಆ ಹಾಳೆಯನ್ನು ಮೇಡಂ ಜೊತೆ ಕೂತು ಮೂರು ವಾರ ತಿದ್ದಿ ತೀಡಿದ್ದ. ರಾಜಕೀಯಶಾಸ್ತ್ರವೆಂದರೆ ಭಾಷಣ, ಸಂವಿಧಾನ, ದಪ್ಪ ಪುಸ್ತಕ ಎಂದುಕೊಂಡು ಬಂದವನಿಗೆ ಮೊದಲ ವರ್ಷವೇ ಸರಾಸರಿ, ವಿಚಲನೆ ಎಂದು ಕಣ್ಣಲ್ಲಿ ನೀರು ತರಿಸಿದ್ದವರು ಮೇಡಂ. ಎರಡನೆಯ ವರ್ಷ ಅದನ್ನೆಲ್ಲ ಬದಿಗೆ ಸರಿಸಿ, ಜನರ ಎದುರು ಕೂತು ಮಾತು ಕೇಳುವುದು ಹೇಗೆಂದು ಕಲಿಸಿದವರೂ ಅವರೇ. "ನೇರವಾಗಿ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ಅದು ಅವರ ತಪ್ಪಲ್ಲ, ಹಾಗೆ ಕೇಳಿದೋರ ತಪ್ಪು" ಎನ್ನುತ್ತಿದ್ದರು. ಬಾಟಲಿ ಕಾರ್ಖಾನೆಯಲ್ಲಿ ಎಂಟು ವರ್ಷದ ಹಿಂದೆ ನಲವತ್ತೊಂದು ದಿನ ಮುಷ್ಕರ ನಡೆದಿತ್ತು. ನಲವತ್ತೆರಡನೆಯ ದಿನ, ಸಂಘದ ಒಳಸಮಿತಿಯ ನಾಲ್ವರನ್ನು ಹೆಸರು ಹಿಡಿದು ಕೆಲಸದಿಂದ ತೆಗೆದರು. ಅಂಥದೊಂದು ಸಮಿತಿ ಇದೆಯೆಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾಲ್ವರಲ್ಲಿ ಅವನೊಬ್ಬ. ಮರುವಾರ ಮಿಕ್ಕವರೆಲ್ಲ ತಲೆ ತಗ್ಗಿಸಿ ಒಳಗೆ ಹೋದರು. ಯಾರೋ ಹೆಸರು ಹೇಳಿದ್ದರು. ಆ 'ಯಾರೋ' ಎಂಬುದನ್ನು ಜನರ ಬಾಯಿಂದ ತೆಗೆಸುವುದು ಹೇಗೆ? ಮೇಡಂ ಹೇಳಿಕೊಟ್ಟ ಉಪಾಯ ಸರಳವಾಗಿತ್ತು. ಅರ್ಧ ಜನಕ್ಕೆ ನಾಲ್ಕು ಸಾಲಿನ ಹಾಳೆ: ಗೇಟಿನ ಮುಂದೆ ಕೂತಿದ್ದೆ, ಕರಪತ್ರ ಹಂಚಿದ್ದೆ, ಮುಷ್ಕರದ ದಿನಗಳಲ್ಲಿ ಬೇರೆ ಕಡೆ ಕೆಲಸಕ್ಕೆ ಹೋಗಿದ್ದೆ, ಮುಷ್ಕರ ನಿಂತರೆ ಸಾಕು ಅನ್ನಿಸಿತ್ತು. ಇನ್ನರ್ಧ ಜನಕ್ಕೆ ಇದೇ ನಾಲ್ಕರ ಕೆಳಗೆ ಐದನೆಯದು: ಸಂಘದವರ ಹೆಸರನ್ನು ಆಡಳಿತದವರಿಗೆ ಹೇಳಿದ್ದೆ. ಯಾರಿಗೆ ಯಾವ ಹಾಳೆ ಎಂಬುದು ಚೀಟಿ ಎತ್ತಿದ ಹಾಗೆ. ಯಾವ ಸಾಲು ನಿಜ ಎಂದು ಹೇಳುವುದು ಬೇಡ, ಎಷ್ಟು ಸಾಲು ನಿಜ ಎಂದು ಅಂಕಿ ಬರೆದು ಡಬ್ಬಿಗೆ ಹಾಕಿದರೆ ಸಾಕು. ಎರಡು ಗುಂಪಿನ ಸರಾಸರಿ ಕಳೆದರೆ ಉಳಿಯುವುದೇ ಐದನೆಯ ಸಾಲು. "ಕಳ್ಳ ಯಾರು ಅಂತ ಗೊತ್ತಾಗಲ್ಲ, ಕಳ್ಳರು ಎಷ್ಟು ಅಂತ ಗೊತ್ತಾಗುತ್ತೆ. ನಮಗೆ ಬೇಕಾಗಿರೋದು ಅಷ್ಟೇ." ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಯಾರಾದರೂ ಎಲ್ಲ ಸಾಲಿಗೂ ಹೌದು ಎಂದರೆ ಗುಟ್ಟು ಬಯಲು. "ಆ ಭಯ ಬೇಡ ಮೇಡಂ, ದಿನಾ ಗೇಟಿನ ಮುಂದೆ ಕೂತೋರು ಬೇರೆ ಕಡೆ ಕೆಲಸಕ್ಕೆ ಹೋಗೋಕೆ ಹೇಗೆ ಸಾಧ್ಯ? ಎರಡೂ ಮಾಡಿದೋರು ಯಾರೂ ಇಲ್ಲ" ಎಂದು ಹೇಳಿದವನು ಅವನೇ.

ಒಬ್ಬಳಿದ್ದಳು. ಅವಳನ್ನು ಮರೆತಿದ್ದನೆ, ಅಥವಾ ಅವಳು ಲೆಕ್ಕಕ್ಕೆ ಬರುವವಳಲ್ಲ ಎಂದುಕೊಂಡಿದ್ದನೆ? ಹಗಲೆಲ್ಲ ಗೇಟಿನ ಮುಂದೆ ಕೂತು, ಸಂಜೆ ಐದಕ್ಕೆ ಎದ್ದು ಸೀರೆ ಕೊಡವಿಕೊಂಡು, ಕಣ್ಣಿನ ಆಸ್ಪತ್ರೆಯೊಂದರ ನೆಲ ಒರೆಸಲು ಹೋಗುತ್ತಿದ್ದಳು ಅಕ್ಕ. ಗೇಟಿನವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು 'ಮಗಳಿಗೆ ಮೈ ಬೆಚ್ಚಗಿದೆ' ಎಂದು ಹೇಳಿ ಹೋಗುತ್ತಿದ್ದಳು. ನಲವತ್ತೊಂದು ದಿನ ಮಗಳಿಗೆ ಜ್ವರ ಬಿಡಲೇ ಇಲ್ಲ. ಆ ದುಡಿಮೆಯಲ್ಲಿ ಅವನೂ ಊಟ ಮಾಡಿದ್ದ. ಈಗ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಐದರ ಹೊಟ್ಟೆ ದುಂಡಗೆ, ಬಾಲ ಉದ್ದ. ಅವನಿಗೆ ಅಂಕಿ ತಿದ್ದಿಸಿದ್ದು ಅಮ್ಮನಲ್ಲ, ಅಕ್ಕ. ಐದು ಬರೆಯುವಾಗ ಕೈ ಹಿಡಿದು "ಬಾಲ ಎಳಿ, ಇನ್ನೂ ಎಳಿ" ಎನ್ನುತ್ತಿದ್ದಳು. ಅವನ ಐದೂ ಹೀಗೇ ಇರುತ್ತದೆ. ಇಡೀ ಕಟ್ಟಿನಲ್ಲಿ ತಾನೇ ಬರೆದಂತೆ ಕಾಣುವ ಅಂಕಿ ಅದೊಂದೇ.

ಸಿಟ್ಟಲ್ಲ, ಸಿಟ್ಟು ಆಮೇಲೆ ಬಂದೀತು. ಮೊದಲು ಬಂದದ್ದು ನಾಚಿಕೆ, ಜನರ ನಡುವೆ ಕೂತಾಗ ಅಂಗಿ ಹರಿದಿದೆಯೆಂದು ತಾನೇ ಕಂಡುಕೊಂಡಂಥ ನಾಚಿಕೆ. ಎಂಟು ವರ್ಷ ಅವಳ ಮನೆಯಲ್ಲಿ ತಟ್ಟೆಯ ಮುಂದೆ ಕೂತು, ಹೆಸರು ಹೇಳಿದವನ ವಂಶ ನಿರ್ವಂಶವಾಗಲಿ ಎಂದು ಶಾಪ ಹಾಕಿದ್ದ. ಅವಳು "ಮೊದಲು ಉಣ್ಣು, ಆಮೇಲೆ ಶಾಪ ಹಾಕುವಿಯಂತೆ" ಎಂದು ಬಡಿಸಿದ್ದಳು. ಕೆಲಸ ಹೋದ ವರ್ಷ "ಓದು, ನಾನಿದ್ದೀನಿ" ಎಂದು ಬೆನ್ನಿಗೆ ಗುದ್ದಿ ಕಾಲೇಜಿಗೆ ಅಟ್ಟಿದವಳೂ ಅವಳೇ. ಅವಳ ಸಂದರ್ಶನ ಅವನ ಹತ್ತಿರ ಇತ್ತು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಆ ಕಡತ ತೆರೆದ. ಎರಡು ಗಂಟೆ ಏಳು ನಿಮಿಷ. ತನ್ನದೇ ದನಿ, ಕಲಿತ ಮೆದುದನಿ: "ಹೆಸರು ಹೇಳಿದ್ದು ಯಾರಿರಬಹುದು ಅಂತ ನಿನಗನ್ನಿಸುತ್ತೆ ಅಕ್ಕ?" ಆಮೇಲೆ ಮೌನ. ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು. ಮೌನ ಬಂದಾಗ ಬಾಯಿ ಮುಚ್ಚಿಕೊಂಡಿರಿ ಎಂದು ಮೇಡಂ ಹತ್ತು ಸಲ ಹೇಳಿದ್ದರು. ಎದುರಿನವರ ಮೌನವನ್ನು ನೀವು ತುಂಬಿದರೆ ಸಿಗುವುದು ನಿಮ್ಮ ಉತ್ತರ, ಅವರದಲ್ಲ. ಈಗ ಎಣಿಸಿದ. ಹತ್ತೊಂಬತ್ತು ಸೆಕೆಂಡು. ಅಕ್ಕ ಉಸಿರು ಎಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು, ಏನೋ ಹೇಳಲು ಬಾಯಿ ತೆರೆದವರ ಉಸಿರು. ಅಷ್ಟರಲ್ಲಿ ಅವನ ದನಿ ಅಡ್ಡ ಬಂತು: "ಸ್ಟೋರಿನವನೇ ಅಲ್ವಾ?" ಅಕ್ಕ ಎಂದಳು, "ಹೂಂ."

ಆ 'ಹೂಂ' ಅನ್ನು ಅವನು ಬರಹಕ್ಕಿಳಿಸಿ, ಹಳದಿ ಬಣ್ಣ ಹಚ್ಚಿ ಗುರುತು ಹಾಕಿಟ್ಟಿದ್ದ.

ಸ್ಟೋರಿನವರು ಎಂದರೆ ಕಾರ್ಖಾನೆಯ ಬಿಡಿಭಾಗಗಳ ಕೋಣೆ ನೋಡಿಕೊಳ್ಳುತ್ತಿದ್ದವರು, ಮಾತು ಕಮ್ಮಿ, ಹೆಂಡತಿ ತೀರಿಕೊಂಡವರು. ಮುಷ್ಕರದ ಕೊನೆಯ ವಾರ ಮ್ಯಾನೇಜರ ಕೋಣೆಯಿಂದ ಹೊರಗೆ ಬಂದದ್ದನ್ನು ಯಾರೋ ಕಂಡಿದ್ದರು. ಅಷ್ಟೇ ಸಾಕ್ಷಿ. ಜನ ಅವರನ್ನು ಮಾತಾಡಿಸುವುದು ಬಿಟ್ಟರು. ವರ್ಷ ತುಂಬುವುದರೊಳಗೆ ಅವರೇ ಕೆಲಸ ಬಿಟ್ಟರು. ಒಂದು ದಿನ ಬಸ್ ನಿಲ್ದಾಣದಲ್ಲಿ ಎದುರು ಸಿಕ್ಕಾಗ ಅವನು "ಥೂ, ನೀನೂ ಒಬ್ಬ ಮನುಷ್ಯನಾ" ಎಂದು ಅವರ ಕಾಲ ಮೇಲೆ ಉಗಿದಿದ್ದ. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು, ಬೆನ್ನಿಗೆ ಶಾಲೆಯ ಚೀಲ. ಹುಡುಗಿ ಅವನನ್ನು ನೋಡಲಿಲ್ಲ. ಬಗ್ಗಿ ತನ್ನ ಕರವಸ್ತ್ರದಿಂದ ಅಪ್ಪನ ಬೂಟು ಒರೆಸಿದಳು, ಮೊದಲು ಉಗುಳು ಬಿದ್ದದ್ದನ್ನು, ಆಮೇಲೆ ಬೀಳದ ಇನ್ನೊಂದನ್ನೂ. ನಿಂತಿದ್ದವರಲ್ಲಿ ಇಬ್ಬರು ಅವನ ಭುಜ ತಟ್ಟಿದ್ದರು. ಸಮೀಕ್ಷೆಯ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಅದರ ಮುಂದೆ ಅವನು 'ಮನೆಗೆ ಬೀಗ' ಎಂದು ಬರೆದುಕೊಂಡಿದ್ದ. ಅವರ ಬೀದಿಗೆ ಅವನು ಕಾಲೇ ಇಟ್ಟಿರಲಿಲ್ಲ.

ಮಧ್ಯಾಹ್ನ ಮೇಡಂ ಕೋಣೆಯ ಹೊರಗೆ ಇಪ್ಪತ್ತು ನಿಮಿಷ ಕಾದ. ಒಳಗೆ ಯಾರೋ ನಗುತ್ತಿದ್ದರು. ಕೊನೆಗೆ ಕರೆದಾಗ ಕುರ್ಚಿಯ ಮೇಲಿನ ಪುಸ್ತಕಗಳನ್ನು ಎಲ್ಲಿಡಬೇಕೋ ಗೊತ್ತಾಗದೆ ನಿಂತೇ ಹೇಳಿದ: "ಒಂದು ಹಾಳೇಲಿ ಐದು ಬಂದಿದೆ ಮೇಡಂ."

"ಒಂದೇ ತಾನೆ? ಅವಸರದಲ್ಲಿ ಬರೆದಿರ್ತಾರೆ. ಅದನ್ನ ಹಾಗೇ ಹಾಕಿ, ಟಿಪ್ಪಣೀಲಿ ಬರೀರಿ." ಅವರು ಕನ್ನಡಕ ತೆಗೆದು ಅವನ ಮುಖ ನೋಡಿದರು. ನೋಡಿ, ಬಾಗಿಲು ಹಾಕುವಂತೆ ಸನ್ನೆ ಮಾಡಿದರು. "ಯಾರು ಅಂತ ಗೊತ್ತಾಯ್ತಾ ನಿಮಗೆ?"

ಅವನು ಬಾಗಿಲು ಹಾಕಿ ಬಂದ.

"ನನಗೆ ಹೇಳಬೇಡಿ. ಯಾರಿಗೂ ಹೇಳಬೇಡಿ. ಇನ್ನೂರ ನಲವತ್ತು ಜನಕ್ಕೆ ಮಾತು ಕೊಟ್ಟಿದ್ದೀರಿ, ಯಾರು ಏನು ಬರೆದ್ರು ಅಂತ ನಿಮಗೂ ಗೊತ್ತಾಗಲ್ಲ ಅಂತ. ಅಂದ ಮೇಲೆ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರೋದೂ ನಮ್ಮ ಕೆಲಸವೇ."

"ಗೊತ್ತಾದದ್ದನ್ನ ಗೊತ್ತಿಲ್ಲ ಅಂತ ಹೇಗೆ ಇರೋದು ಮೇಡಂ?"

"ಅದನ್ನ ನಾನು ಕಲಿಸಿಲ್ಲ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ನನಗೂ ಯಾರೂ ಕಲಿಸಿಲ್ಲ" ಎಂದರು. ಅವರ ದನಿಯಲ್ಲಿ ಮರುಕ ಇತ್ತು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಇಷ್ಟು ಅಚ್ಚುಕಟ್ಟಾದ ಉಪಾಯ ಹೇಳಿಕೊಟ್ಟು, ಕೊನೆಗೆ ಕೈ ತೊಳೆದುಕೊಂಡರಲ್ಲ ಎಂದುಕೊಂಡು ಮೆಟ್ಟಿಲಿಳಿದ. ಇಳಿಯುತ್ತ ಇಳಿಯುತ್ತ, ಹೇಳದೆ ಇರುವುದೇನೋ ಸರಿ, ಆದರೆ ಅವಳ ಹತ್ತಿರ ಹೋಗದೆ ಇರಲು ತನ್ನಿಂದಾಗದು ಎಂಬುದೂ ತಿಳಿಯಿತು.

ಅಕ್ಕ ಕೆಲಸ ಮುಗಿಸಿ ಬಂದು ಕಾಲು ತೊಳೆದು, ಮೇಜಿನ ಮೇಲೆ ಪರದೆಯ ಬಟ್ಟೆ ಹರಡಿಕೊಂಡು ಅಂಚು ಮಡಿಚುತ್ತಿದ್ದಳು. ಕಾರ್ಖಾನೆಯಲ್ಲಿ ಅವಳೀಗ ಮೇಲ್ವಿಚಾರಕಿ. ಬೆಳಕಿನ ಪರದೆಯ ಮುಂದೆ ಸಾಗುವ ಬಾಟಲಿಗಳಲ್ಲಿ ಬಿರುಕು ಹುಡುಕುವ ಹನ್ನೆರಡು ಹೆಂಗಸರ ಹಿಂದೆ ನಿಂತು, ಅವರ ಕಣ್ಣು ತಪ್ಪಿದ್ದನ್ನು ಹಿಡಿಯುವುದು ಅವಳ ಕೆಲಸ. ಅವನು ಬಾಗಿಲಲ್ಲಿ ನಿಂತ ಬಗೆಯನ್ನು ಒಮ್ಮೆ ನೋಡಿದಳು, ಸೂಜಿಯನ್ನು ಬಟ್ಟೆಗೆ ಚುಚ್ಚಿದಳು.

"ಬಂತಾ ನನ್ನ ಹಾಳೆ?"

ಅವನು ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಲ್ಲೇ ಉದುರಿದವು. "ಗೊತ್ತಿದ್ದೇ ಬರೆದ್ಯಾ?"

"ಐದು ಸಾಲಿಗೆ ಐದು ಅಂತ ಬರೆದ್ರೆ ಎಲ್ಲಾ ಅಂತ ಅರ್ಥ, ಅಷ್ಟೂ ತಿಳಿಯಲ್ವೇನೋ ನನಗೆ? ನಿಮ್ಮ ಮೇಡಮ್ಮಿಗೆ ಮಾತ್ರ ಲೆಕ್ಕ ಬರುತ್ತಾ?" ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಜಾಗ ಮಾಡಿದಳು. ಅವನು ಕೂರಲಿಲ್ಲ. "ಬಾಯಲ್ಲಿ ಹೇಳೋಣ ಅಂತ ಎಂಟು ವರ್ಷ ನೋಡಿದೆ. ಅವತ್ತು ಆ ರೆಕಾರ್ಡರು ಮುಂದಿಟ್ಕೊಂಡು ಕೇಳಿದೆಯಲ್ಲ, ಅವತ್ತು ಹೇಳೇಬಿಡ್ತಿದ್ದೆ. ನೀನೇ ಬಾಯಿ ಹಾಕಿದೆ."

"ಅವನ ಹೆಸರು ಬಂದಾಗ ಹೂಂ ಅಂದೆಯಲ್ಲ ನೀನು!"

"ಅಂದೆ."

"ಎಷ್ಟು ಕೊಟ್ರು?"

ಅವಳ ಮುಖ ಬಿಗಿಯಿತು. ಆದರೂ ದನಿ ಏರಲಿಲ್ಲ. "ಏನೂ ಕೊಡಲಿಲ್ಲ. ಮುಂದಿನ ತಿಂಗಳು ಮೇಲ್ವಿಚಾರಕಿ ಮಾಡಿದ್ರು. ಬೇಡ ಅನ್ಲಿಲ್ಲ ನಾನು. ಅದನ್ನೂ ಸೇರಿಸ್ಕೋ ನಿನ್ನ ಪುಸ್ತಕದಲ್ಲಿ." ಸೂಜಿ ಕಿತ್ತು ಮತ್ತೆ ಹೊಲಿಯತೊಡಗಿದಳು, ಎರಡು ಹೊಲಿಗೆ ಸೊಟ್ಟ ಬಿದ್ದವು. "ನೀನು ಆ ವಾರ ಹೇಗಿದ್ದೆ ಅಂತ ನಿನಗೆ ನೆನಪಿಲ್ಲ. ಗೋದಾಮಿಗೆ ಬೆಂಕಿ ಹಾಕ್ತೀನಿ ಅಂತಿದ್ದೆ. ಎಣ್ಣೆ ತಂದು ನನ್ನ ಮಂಚದ ಕೆಳಗೇ ಇಟ್ಟಿದ್ದೆ. ಒಳಗೆ ಇಬ್ಬರು ಕಾವಲುಗಾರರು ಮಲಗ್ತಿದ್ರು ಕಣೋ. ಮ್ಯಾನೇಜರು ಕರೆಸಿ ಹೆಸರು ಕೇಳಿದ. ಒಂದೇ ಹೆಸರು ಹೇಳಿದೆ. ನಿಂದು. ಕೆಲಸ ಹೋದ್ರೆ ಹೋಗ್ಲಿ, ಜೈಲಿಗೆ ಹೋಗೋದು ತಪ್ಪಲಿ ಅಂತ."

ಅವನು ಎಣ್ಣೆಯನ್ನು ನೆನಪಿಸಿಕೊಳ್ಳಲು ಯತ್ನಿಸಿದ. ನೀಲಿ ಡಬ್ಬಿ, ಇತ್ತು. ಬೆಂಕಿ ಹಾಕುತ್ತಿದ್ದನೆ? ಹಾಕುತ್ತಿರಲಿಲ್ಲ. ಬರೀ ಮಾತು. ಅಥವಾ ಹಾಕುತ್ತಿದ್ದನೋ ಏನೋ. ತನ್ನ ವಿಷಯದಲ್ಲೂ ತಾನು ನಂಬಬಹುದಾದ ಸಾಕ್ಷಿ ಇರಲಿಲ್ಲ. ಅವಳು ತನ್ನನ್ನು ಉಳಿಸಲು ಹೇಳಿದಳೋ, ಹುದ್ದೆಗಾಗಿ ಹೇಳಿ ಆಮೇಲೆ ಎಣ್ಣೆಯ ಡಬ್ಬಿಯನ್ನು ನೆನಪಿಸಿಕೊಂಡಳೋ? ಎರಡೂ ಇರಬಹುದು, ಅವಳಿಗೇ ಈಗ ಬೇರ್ಪಡಿಸಲು ಬಾರದಷ್ಟು. ಅವನು ಒಂದನ್ನು ಬಿಗಿಯಾಗಿ ಹಿಡಿದುಕೊಂಡ: "ಒಂದೇ ಹೆಸರು ಅಂದ್ರೆ? ಹೋದದ್ದು ನಾಲ್ವರ ಕೆಲಸ. ಉಳಿದ ಮೂವರ ಹೆಸರು ಅವರಿಗೆ ಎಲ್ಲಿಂದ ಸಿಕ್ತು?"

ಅಕ್ಕ ತಲೆ ಎತ್ತಲಿಲ್ಲ. "ಅದನ್ನ ಕೇಳಬೇಡ."

"ಹೇಳು."

"ನಿನ್ನ ಹೆಸರು ಸಿಕ್ಕ ಮೇಲೆ ಕಾರ್ಖಾನೇಲಿದ್ದ ನಿನ್ನ ಕಪಾಟು ಒಡೆದ್ರು. ಒಳಗೆ ನಿನ್ನ ನೋಟ್‌ಬುಕ್ ಇತ್ತು. ಯಾವ ದಿನ ಯಾರ ಮನೇಲಿ ಸೇರಿದ್ರಿ, ಯಾರು ಏನು ಮಾತಾಡಿದ್ರು, ಎಲ್ಲಾ ಮುತ್ತು ಪೋಣಿಸಿದ ಹಾಗೆ ಬರೆದಿಟ್ಟಿದ್ದೆಯಂತೆ. ಮ್ಯಾನೇಜರು ನನ್ನ ಮುಂದೇನೇ ಓದಿದ. ಅಕ್ಷರ ಚೆನ್ನಾಗಿದೆ ನಿನ್ನ ತಮ್ಮಂದು, ಅಂದ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವನು ಕುರ್ಚಿಯಲ್ಲಿ ಕೂತ. ಕಪಾಟು ಖಾಲಿ ಮಾಡಲೂ ಬಿಡದೆ ಹೊರದಬ್ಬಿದ್ದರು. ನೋಟ್‌ಬುಕ್ ಕಸಕ್ಕೆ ಹೋಗಿರಬೇಕೆಂದುಕೊಂಡಿದ್ದ. ಹೆಸರು ಬರೆಯಬೇಡವೆಂದು ಸಮಿತಿಯ ಹಿರಿಯ ಹೇಳಿದ್ದ. ಮುಂದೊಂದು ದಿನ ಚರಿತ್ರೆ ಬರೆಯುವವರಿಗೆ ಬೇಕಾಗುತ್ತದೆ ಎಂದು ಇವನು ನಕ್ಕಿದ್ದ. ಆ ಹಿರಿಯ ಕೆಲಸ ಕಳೆದುಕೊಂಡು ಈಗ ಸಾಮಾನಿನ ಗಾಡಿ ಓಡಿಸುತ್ತಾನೆ, ಮೊನ್ನೆ ಸಂದರ್ಶನಕ್ಕೆ ಕೂತಾಗ ಅವನ ಕೈಯಿಂದಲೇ ಇವನು ಎರಡು ಲೋಟ ಚಹಾ ಕುಡಿದಿದ್ದ. "ಮತ್ತೆ ಸ್ಟೋರಿನವರು?" ಎಂದ. ತನ್ನ ಬಾಯಿಂದ ಎಂಟು ವರ್ಷದಲ್ಲಿ ಮೊದಲ ಸಲ ಬಹುವಚನ ಬಂದದ್ದು ಅವನಿಗೇ ಕೇಳಿಸಿತು. "ಅವರನ್ನ ಯಾಕೆ ಬಲಿ ಕೊಟ್ಟೆ?"

"ನಾನು ಕೊಟ್ಟೆನಾ? ನೀವೆಲ್ಲ ಸೇರಿ ಕೊಟ್ರಿ. ನಾನು ಸುಮ್ಮನಿದ್ದೆ." ಈಗ ಅವಳ ಕಣ್ಣು ತುಂಬಿತು. "ಸುಮ್ಮನಿದ್ದದ್ದು ತಪ್ಪು. ಅದೊಂದಕ್ಕೇ ನಾನು ಐದು ಅಂತ ಬರೆದದ್ದು. ನಿನಗಾಗಿ ಅಲ್ಲ." ಒಳಗೆ ಎದ್ದು ಹೋದಳು, ಬಹಳ ಹೊತ್ತು ಬರಲಿಲ್ಲ. ಬಂದಾಗ ಊಟಕ್ಕೆ ಏಳು ಎಂದಳು. ಅವನು ಹಸಿವಿಲ್ಲವೆಂದು ಎದ್ದು ಬಂದ. ಅವಳ ಮನೆಯಿಂದ ಅವನು ಹಸಿದುಕೊಂಡು ಹೊರಟದ್ದು ಅದೇ ಮೊದಲು.

ಮರುದಿನ ನೂರ ಎಂಬತ್ತೇಳರ ಮುಂದೆ ಐದು ಎಂದು ಒತ್ತಿದ. ನಾಲ್ಕು ಎಂದು ಒತ್ತಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆರಳು ನಾಲ್ಕರ ಮೇಲೆ ಒಮ್ಮೆ ಕೂತಿತ್ತು ಕೂಡ. ಉಳಿದ ಹಾಳೆಗಳೂ ಮುಗಿದವು. ಸರಾಸರಿ ಕಳೆದಾಗ ಬಂದದ್ದು ನೂರಕ್ಕೆ ಹನ್ನೊಂದು. ಅಕ್ಕ ಒಬ್ಬಳೇ ಅಲ್ಲ, ನೂರಕ್ಕೆ ಹನ್ನೊಂದು ಮಂದಿ ಯಾವುದಾದರೊಂದು ಹೆಸರು ಹೇಳಿದ್ದರು! ಎದೆಯಲ್ಲಿ ಹಗುರಾದಂತೆ ಆದದ್ದು ಒಂದು ನಿಮಿಷವೂ ಉಳಿಯಲಿಲ್ಲ. ಕೆಳಗಿನ ಸಾಲು ನೋಡಿದ. ಲೆಕ್ಕ ಆಚೀಚೆ ಆಗಬಹುದಾದ ಅಂತರ ಹಿಡಿದರೆ ಅದು ನೂರಕ್ಕೆ ಮೂವತ್ತನಾಲ್ಕೂ ಇರಬಹುದು, ಮೈನಸ್ ಹನ್ನೆರಡೂ ಇರಬಹುದು. ಮೈನಸ್ ಹನ್ನೆರಡು ಮಂದಿ ಹೆಸರು ಹೇಳುವುದು ಎಂದರೆ ಹೇಗೆ? ಹೇಳಿದ್ದನ್ನು ವಾಪಸು ನುಂಗುವುದೆ? ಪಕ್ಕದ ಹುಡುಗರಿಬ್ಬರೂ ತಿರುಗಿ ನೋಡಿದಾಗಲೇ ತಾನು ಗಟ್ಟಿಯಾಗಿ ನಕ್ಕದ್ದು ತಿಳಿದದ್ದು. ಎರಡು ವರ್ಷ ಕಲಿತದ್ದೆಲ್ಲ ಸೇರಿ, ಇಂಥದೊಂದು ನಡೆದೇ ಇಲ್ಲದಿರಬಹುದು ಎಂದು ಹೇಳುತ್ತಿತ್ತು. ಪಟ್ಟಿ ತೆರೆದು, ಸ್ಟೋರಿನವರ ಹೆಸರಿನ ಮುಂದಿದ್ದ 'ಮನೆಗೆ ಬೀಗ' ಎಂಬುದನ್ನು ಅಳಿಸಿದ. ಆ ಜಾಗದಲ್ಲಿ ಏನು ಬರೆಯಬೇಕೋ ಹೊಳೆಯದೆ, ಖಾಲಿ ಬಿಟ್ಟು ಎದ್ದ.

ಅವರು ಈಗ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆಂದು ಗೊತ್ತಿತ್ತು. ಸಂಜೆ ಐದೂವರೆಗೆ ಅಂಗಡಿ ಹುಡುಕಿಕೊಂಡು ಹೋದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಿಚ್ಚಿಟ್ಟ ಯಂತ್ರಗಳ ನಡುವೆ ತಗ್ಗಿದ ಮೇಜಿಗೆ ಬಗ್ಗಿ, ಅವರು ತಿರುಪುಮೊಳೆಯೊಂದನ್ನು ಎಣ್ಣೆಯ ಬಟ್ಟಲಲ್ಲಿ ಅದ್ದುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಕಂಡು ಗುರುತು ಹಿಡಿದರೆಂಬುದು, ಅವರು ಕೆಲಸ ನಿಲ್ಲಿಸದೆ ಇದ್ದದ್ದರಿಂದಲೇ ತಿಳಿಯಿತು.

"ನೀವು ಹೆಸರು ಹೇಳಿದೋರಲ್ಲ ಅಂತ ಗೊತ್ತಾಯ್ತು" ಎಂದ ಅವನು.

"ನನಗೆ ಅದು ಎಂಟು ವರ್ಷದಿಂದ ಗೊತ್ತು."

ತಿರುಪುಮೊಳೆಯನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. "ಮಗಳ ಶಾಲೆ ಫೀಸಿಗೆ ಮುಂಗಡ ಕೇಳೋಕೆ ಹೋಗಿದ್ದೆ ಅವತ್ತು. ಒಬ್ಬರಾದ್ರೂ ಕೇಳಿದ್ರೆ ಹೇಳ್ತಿದ್ದೆ. ನೀನು ಈಗ ಊರಿಗೆಲ್ಲ ಪ್ರಶ್ನೆ ಕೇಳ್ಕೊಂಡು ಓಡಾಡ್ತೀಯಂತೆ."

"ಕೇಳಬೇಕಿತ್ತು" ಎಂದಷ್ಟೇ ಅಂದ.

"ಯಾರು ಮತ್ತೆ?"

ಮೇಡಂ ಹೇಳಿದ್ದು ನೆನಪಾಯಿತು: ನಿಮಗೆ ಗೊತ್ತಿಲ್ಲ. ಸುಳ್ಳಲ್ಲದ ಒಂದು ಉತ್ತರ ಅವನ ಬಳಿ ಇತ್ತು. "ನಾನೇ" ಎಂದ. "ನನ್ನ ನೋಟ್‌ಬುಕ್ಕಲ್ಲಿ ಎಲ್ಲರ ಹೆಸರು ಬರೆದಿಟ್ಟಿದ್ದೆ. ಅದು ಅವರ ಕೈಗೆ ಸಿಕ್ತು."

ಮುದುಕರು ಮೊದಲ ಸಲ ಅವನನ್ನು ನೇರ ನೋಡಿದರು. ಬಹಳ ಹೊತ್ತು ನೋಡಿದರು. "ಕೈಗೆ ಸಿಕ್ಕಬೇಕಾದ್ರೆ ಹುಡುಕಿರಬೇಕು. ನಿನ್ನದನ್ನೇ ಹುಡುಕೋಕೆ ಹೇಳಿದೋರು ಯಾರು?"

ಅವನು ಸುಮ್ಮನಿದ್ದ. ಈ ಸಲ ಮೌನವನ್ನು ಅವರೂ ತುಂಬಲಿಲ್ಲ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಕೊನೆಗೆ ಅವರೇ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಹೇಳಿದರು: "ನಾನು ಅಂಗಡಿ ತೆಗೆದ ಮೊದಲ ವರ್ಷ ಕಾರ್ಖಾನೆಯೋರು ಒಬ್ಬರೂ ಈ ಬಾಗಿಲಿಗೆ ಬರಲಿಲ್ಲ. ನಿಮ್ಮಕ್ಕ ಬಂದಳು. ಚೆನ್ನಾಗಿ ಓಡೋ ಯಂತ್ರ ತಂದು ರಿಪೇರಿ ಮಾಡಿ ಅಂದಳು. ವರ್ಷಕ್ಕೆ ಎರಡು ಸಲ ತರ್ತಾಳೆ, ಈಗಲೂ. ಏನೂ ಕೆಟ್ಟಿರಲ್ಲ. ಯಾಕಮ್ಮಾ ಅಂತ ನಾನು ಕೇಳಿಲ್ಲ." ಬಟ್ಟೆಯನ್ನು ಮಡಿಸಿದರು. "ನೀನೂ ಹೇಳಬೇಡ. ಹೇಳಿದ್ರೆ ನಾನು ಏನಾದರೂ ಮಾಡಬೇಕಾಗುತ್ತೆ. ನನಗೆ ಶಕ್ತಿ ಇಲ್ಲ."

"ನಾನು ನಿಮಗೆ ಮಾಡಿದ್ದು..." ಎಂದು ಅವನು ಶುರು ಮಾಡಿದ. ಕೈ ಮುಗಿಯಲು ಹೋದ. ಅವರು ಆ ಕೈಗಳನ್ನು ನೊಣ ಓಡಿಸುವಂತೆ ತಳ್ಳಿದರು.

"ನನಗೆ ಬೇಡ. ನನಗೆ ಉಗಿದದ್ದನ್ನ ಒರೆಸಿಕೊಂಡೆ, ಮುಗೀತು. ಅವತ್ತಿಂದ ನನ್ನ ಮಗಳು ನನ್ನ ಜೊತೆ ಬೀದೀಲಿ ನಡೆಯುವಾಗ ಎರಡು ಹೆಜ್ಜೆ ಹಿಂದೆ ನಡೀತಾಳೆ. ಎಂಟು ವರ್ಷ. ಒಂದು ದಿನವೂ ಬಾಯಿಬಿಟ್ಟು ಕೇಳಿಲ್ಲ, ಅಪ್ಪಾ ನೀನು ನಿಜವಾಗಲೂ ಹೇಳಿದ್ಯಾ ಅಂತ. ಅವಳು ಕೇಳದೆ ಇರೋವಾಗ ನಾನಾಗಿ ಇಲ್ಲ ಅಂತ ಹೇಗೆ ಹೇಳಲಿ?" ಗೋಡೆಯ ಗಡಿಯಾರ ನೋಡಿದರು. "ಆರಕ್ಕೆ ಬರ್ತಾಳೆ ಆಫೀಸಿಂದ. ಕೂತಿರು."

ತೋರಿಸಿದ ಮೊಗಸಾಲೆಯ ಬೆಂಚಿನ ಮೇಲೆ ಅವನು ಕೂತ. ಹೇಳಬೇಕಾದ ವಾಕ್ಯವನ್ನು ಜೋಡಿಸಲು ನೋಡಿದ. ಎಲ್ಲಿಂದ ಶುರು ಮಾಡಿದರೂ ಅಕ್ಕನ ಹೆಸರಿನ ಸುತ್ತ ಬಳಸಿಕೊಂಡು ಹೋಗಬೇಕಿತ್ತು, ಬಳಸಿದಾಗಲೆಲ್ಲ ವಾಕ್ಯ ಸುಳ್ಳಿನಂತೆ ಕೇಳಿಸುತ್ತಿತ್ತು. ಎದ್ದು ಹೋಗಿಬಿಡಬಹುದು. ಮುದುಕರು ತಡೆಯುವುದಿಲ್ಲ, ಬಗ್ಗಿ ಇನ್ನೊಂದು ಯಂತ್ರದ ಹೊಟ್ಟೆ ಬಿಚ್ಚುತ್ತಿದ್ದಾರೆ. ಅಕ್ಕ ಈ ಬೆಂಚಿನ ಮೇಲೆ ವರ್ಷಕ್ಕೆರಡು ಸಲ ಕೂತು, ಕೆಡದ ಯಂತ್ರ ಸರಿಯಾಗುವುದನ್ನು ಕಾದಿದ್ದಳೆ? ಅವಳ ಮೇಲೆ ಸಿಟ್ಟು ಈಗ ಬಂತು, ನಿನ್ನೆಯಿಂದ ತಡೆದು ನಿಂತಿದ್ದದ್ದು, ಕಿವಿ ಬಿಸಿಯಾಗುವಷ್ಟು. ಬಂದು, ಇಳಿಯಲಿಲ್ಲ; ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿತು.

ಆರಕ್ಕೆ ಐದು ನಿಮಿಷ ಇರುವಾಗ ಗೇಟು ಕಿರುಗುಟ್ಟಿತು. ಎತ್ತರದ ಹುಡುಗಿ, ಹೆಗಲಿಗೆ ಚೀಲ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಬಾಗಿಲಲ್ಲೇ ಚಪ್ಪಲಿ ಬಿಡುತ್ತ, ಬೆಂಚಿನ ಮೇಲಿದ್ದವನನ್ನು ಗಿರಾಕಿ ಎಂದುಕೊಂಡು ಒಮ್ಮೆ ನೋಡಿದಳು. ಅವಳ ಕೈ ಚಪ್ಪಲಿಯ ಪಟ್ಟಿಯ ಮೇಲೆ ಹಾಗೆಯೇ ನಿಂತಿತು. ಅವನು ಎದ್ದು ನಿಂತ.

"ಯಾರಪ್ಪ ಇವರು?" ಎಂದಳು, ಗೊತ್ತಿದ್ದೂ.

ಮುದುಕರು ಯಂತ್ರದಿಂದ ತಲೆ ಎತ್ತಲಿಲ್ಲ.

"ಅವರೇ ಹೇಳ್ತಾರೆ, ಕೇಳು."